ಶಾಲೆಯ ಕಣ್ಣಿನ ತಪಾಸಣೆಯಲ್ಲಿ ಬಣ್ಣವನ್ನೂ ನೋಡಿ

ಮಾನ್ಯ ಸಂಪಾದಕರೇ,

ಶಾಲೆಗೆ ಕಣ್ಣಿನ ತಪಾಸಣೆಗೆ ಬರುವವರು ಗೋಡೆ ಮೇಲಿನ ಅಕ್ಷರ ಓದಿಸುತ್ತಾರೆ, ಕನ್ನಡಕ ಬೇಕೋ ಬೇಡವೋ ಹೇಳುತ್ತಾರೆ, ಹೋಗುತ್ತಾರೆ. ಮಗುವಿಗೆ ಬಣ್ಣ ಸರಿಯಾಗಿ ಗೊತ್ತಾಗುತ್ತಾ ಅಂತ ನೋಡಿದ್ದನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ. ಇದಕ್ಕೆ ಐದು ನಿಮಿಷ ಸಾಕು. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಇಶಿಹಾರಾ ಪುಸ್ತಕ ಒಂದಿದ್ದರೆ ಆಯ್ತು. ಜಪಾನಿನ ಕಣ್ಣಿನ ಡಾಕ್ಟರ್ ಶಿನೊಬು ಇಶಿಹಾರಾ ಅದನ್ನು 1917ರಲ್ಲಿ ಹೊರತಂದರು, ಇವತ್ತಿಗೂ ಅದೇ ನಡೆಯುತ್ತಿದೆ. ಅಂಕಿ ಓದಲು ಬಾರದ ಪುಟ್ಟ ಮಕ್ಕಳಿಗೆ ಬೆರಳಿಟ್ಟು ಗೆರೆ ಹಿಡಿದು ಹೋಗುವ ಪುಟಗಳೂ ಅದರಲ್ಲಿವೆ. ಐದನೇ ಕ್ಲಾಸು ಮುಗಿಯುವುದರೊಳಗೆ ಪ್ರತಿ ಮಗುವಿಗೂ ಒಂದು ಸಲ ಈ ಪರೀಕ್ಷೆ ಆಗಲೇಬೇಕು ಅಂತ ಕೇಳಿಕೊಳ್ಳಲು ಈ ಪತ್ರ.

ನನಗೆ ಹುಟ್ಟಿನಿಂದಲೇ ಕೆಂಪು-ಹಸಿರು ಬಣ್ಣಗುರುಡು. ಗೊತ್ತಾಗಿದ್ದು ಮಾತ್ರ ಪಿಯುಸಿಗೆ ಬಂದ ಮೇಲೆ, ಕೆಮಿಸ್ಟ್ರಿ ಲ್ಯಾಬಿನಲ್ಲಿ. ಬ್ಯುರೆಟ್‌ನಿಂದ ಪೊಟ್ಯಾಸಿಯಂ ಪರ್ಮಾಂಗನೇಟನ್ನು ತೊಟ್ಟು ತೊಟ್ಟಾಗಿ ಬಿಡಬೇಕು, ಕೆಳಗಿನ ಫ್ಲಾಸ್ಕಿನಲ್ಲಿ ತಿಳಿ ಗುಲಾಬಿ ಬಂದು ನಿಂತ ಕೂಡಲೇ ನಿಲ್ಲಿಸಬೇಕು. ಪಕ್ಕದವರೆಲ್ಲ ಗುಲಾಬಿ ಬಂತು ಅನ್ನುವಾಗ ನನಗೆ ಅದು ಬರೀ ನೀರು. ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಬಣ್ಣ ಗಾಢವಾಗಿ ರೀಡಿಂಗ್ ಪೂರ್ತಿ ಕೆಟ್ಟಿರುತ್ತಿತ್ತು. ಲವಣವನ್ನು ಜ್ವಾಲೆಗೆ ಹಿಡಿದು ಬರುವ ಬಣ್ಣದಿಂದ ಅದರಲ್ಲಿ ಏನಿದೆ ಅಂತ ಹೇಳುವ ಫ್ಲೇಮ್ ಟೆಸ್ಟ್ ಇನ್ನೂ ಕಷ್ಟ. ಬೇರಿಯಂ ಹಸಿರು, ಕ್ಯಾಲ್ಸಿಯಂ ಇಟ್ಟಿಗೆ ಕೆಂಪು ಅಂತ ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಬಹುದು, ಜ್ವಾಲೆಯಲ್ಲಿ ನೋಡಿ ಹೇಳಲು ಆಗಬೇಕಲ್ಲ. ಗಮನ ಕೊಡಲ್ಲ ಅಂತ ಮೇಷ್ಟ್ರಿಂದ ಬೈಸಿಕೊಂಡೆ. ಒಬ್ಬ ಜೊತೆಗಾರ ಪಕ್ಕದಲ್ಲಿ ನಿಂತು ಬಣ್ಣ ಹೇಳಿದ್ದರೆ ಉಳಿದ ಕೆಲಸವೆಲ್ಲ ನಾನೇ ಮಾಡುತ್ತಿದ್ದೆ. ಆದರೆ ಹಾಗೆ ಕೇಳಬೇಕಾದರೆ ಮೊದಲು ನಮಗೆ ಏನಾಗಿದೆ ಅಂತ ನಮಗೇ ಗೊತ್ತಿರಬೇಕು.

ಇದು ಅಪರೂಪದ್ದೇನಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಶೇ 8ರಷ್ಟು ಜನಕ್ಕೆ ಇದೆ, ಹೆಂಗಸರಲ್ಲಿ ಶೇ 0.5ರಷ್ಟು. ನಮ್ಮಲ್ಲಿ ಸ್ವಲ್ಪ ಕಡಿಮೆ, ಆದರೂ ದೊಡ್ಡದೊಂದು ಹೈಸ್ಕೂಲಿನಲ್ಲಿ ಕೆಲವು ಹುಡುಗರಾದರೂ ಇದ್ದೇ ಇರುತ್ತಾರೆ. ಕೆಂಪು-ಹಸಿರು ಗುರುತಿಸುವ ಜೀನ್‌ಗಳು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಗಂಡುಮಕ್ಕಳಿಗೆ ಇರುವುದು ಒಂದೇ ಎಕ್ಸ್, ಅದೂ ಅಮ್ಮನಿಂದ ಬಂದದ್ದು. ಹಾಗಾಗಿ ಇದು ತಾತನಿಂದ ಮಗಳ ಮೂಲಕ ಮೊಮ್ಮಗನಿಗೆ ಬರುತ್ತದೆ, ನಡುವೆ ಮಗಳಿಗೆ ಎರಡು ಎಕ್ಸ್ ಇರುವುದರಿಂದ ಸಾಮಾನ್ಯವಾಗಿ ಏನೂ ತೊಂದರೆ ಕಾಣಿಸುವುದಿಲ್ಲ. ನಮ್ಮ ಮನೆಯಲ್ಲಿ ಅಮ್ಮನ ಅಪ್ಪನಿಗೆ ಇತ್ತು, ನನಗೆ ಬಂತು, ಈಗ ಅಕ್ಕನ ಮಗನಿಗೂ ಇದೆ. ಮನೆಯಲ್ಲಿ ಸೋದರಮಾವನಿಗೋ ತಾಯಿಯ ತಂದೆಗೋ ಇದ್ದರೆ ಹುಡುಗನನ್ನು ಶಾಲೆ ಸೇರಿಸುವ ಮೊದಲೇ ಒಮ್ಮೆ ತೋರಿಸಿ.

ತಡವಾಗಿ ಗೊತ್ತಾದರೆ ಎಷ್ಟು ನಷ್ಟ ಅಂತ ರೈಲ್ವೆ ಪರೀಕ್ಷೆ ಬರೆಯುವ ಹುಡುಗರನ್ನು ನೋಡಿದರೆ ಅರ್ಥವಾಗುತ್ತದೆ. ಅಸಿಸ್ಟೆಂಟ್ ಲೋಕೋ ಪೈಲಟ್ ಆಗಬೇಕು ಅಂತ ಸಾಲ ಮಾಡಿ ಕೋಚಿಂಗ್ ಸೇರಿ, ಬರೆದು, ಪಾಸಾಗಿ, ಕೊನೆಗೆ ಮೆಡಿಕಲ್‌ನಲ್ಲಿ ಇದೇ ಚುಕ್ಕಿ ಪುಸ್ತಕದ ಮುಂದೆ ಕೂತು ಅಂಕಿ ಕಾಣದೆ ಮನೆಗೆ ಬರುವುದು ಅಂದರೆ ಸುಮ್ನೆ ಅಲ್ಲ. ಸಿಗ್ನಲ್ ನೋಡಿ ರೈಲು ಓಡಿಸುವ ಕೆಲಸಕ್ಕೆ ಆ ನಿಯಮ ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಹತ್ತನೇ ವಯಸ್ಸಿನಲ್ಲಿ ತಿಳಿಯಬಹುದಾದದ್ದು ಇಪ್ಪತ್ತನಾಲ್ಕರಲ್ಲಿ ತಿಳಿಯುತ್ತದಲ್ಲ, ಅದೇ ನನ್ನ ಸಂಕಟ.

ಎಲ್ಲ ಬಾಗಿಲೂ ಮುಚ್ಚಿಲ್ಲ ಅನ್ನುವುದನ್ನೂ ಮಕ್ಕಳಿಗೆ ಹೇಳಬೇಕು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಕಡಿಮೆ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೂ ಡ್ರೈವಿಂಗ್ ಲೈಸೆನ್ಸ್ ಸಿಗುವಂತೆ ಮಾಡಿತು. 2022ರಲ್ಲಿ ಸುಪ್ರೀಂ ಕೋರ್ಟ್, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಕೋರ್ಸ್‌ಗಳಿಗೆ ನಮ್ಮಂಥವರನ್ನೂ ಸೇರಿಸಿಕೊಳ್ಳಬೇಕು ಅಂತ ಹೇಳಿತು. ಆಸ್ಟ್ರೇಲಿಯಾದ ಮಾಜಿ ವಿಕೆಟ್ ಕೀಪರ್ ಮ್ಯಾಥ್ಯೂ ವೇಡ್‌ಗೆ ಬಣ್ಣಗುರುಡು ಇದೆ, ಪಿಂಕ್ ಬಾಲ್ ಕಾಣುವುದು ಕೆಲವೊಮ್ಮೆ ಕಷ್ಟ ಅಂತ ಅವರೇ ಹೇಳಿದ್ದರು. ಆದರೂ ದೇಶಕ್ಕೆ ಆಡಿದರು.

ಈಗ ಅಕ್ಕನ ಮಗನ ವಿಷಯ. ತೆಂಗಿನ ಮರದ ಚಿತ್ರದಲ್ಲಿ ಗರಿಗೆ ಕಂದು, ಕಾಂಡಕ್ಕೆ ಹಸಿರು ಬಳಿದು ತಂದಾಗ ನನಗೆ ತಕ್ಷಣ ಅನುಮಾನ ಬಂತು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಗೊತ್ತಾಯಿತು. ಅಕ್ಕ ಆವತ್ತು ರಾತ್ರಿಯೇ ಕೂತು ಅವನ ಕ್ರೆಯಾನ್‌ಗಳಿಗೆಲ್ಲ ಚಿಕ್ಕ ಚೀಟಿ ಅಂಟಿಸಿ ಬಣ್ಣದ ಹೆಸರು ಬರೆದಳು. ಕಂದು, ಹಸಿರು, ಕೇಸರಿ, ನೇರಳೆ. ಅವನಿಗೆ ಸಿಕ್ಕ ಮೊದಲ ಸಾಧನ ಅದು, ಇವತ್ತಿಗೂ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಅಂತ ನನ್ನ ಲೆಕ್ಕ. ಕ್ಲಾಸ್ ಟೀಚರ್ ತುಂಬಾ ಒಳ್ಳೆಯವರು, ಹಸಿರು ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬರೆಯುವುದನ್ನು ಬಿಟ್ಟು ಹಳದಿ ಬಳಸುತ್ತಿದ್ದಾರೆ. ಅವನು ಮುಂದಿನ ಬೆಂಚಿನಲ್ಲಿ ಕೂರುವುದೇ ಬೇಕಾಗಿಲ್ಲ, ಎಲ್ಲಿ ಕೂತರೂ ಓದುತ್ತಾನೆ.

ದೊಡ್ಡವರಿಗೆ ಫೋನೇ ಸಾಕಷ್ಟು ಸಹಾಯ ಮಾಡುತ್ತದೆ, ದುಡ್ಡೂ ಬೇಕಾಗಿಲ್ಲ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಆಕ್ಸೆಸಿಬಿಲಿಟಿಯಲ್ಲಿ ಕಲರ್ ಕರೆಕ್ಷನ್ ಅಂತ ಇರುತ್ತದೆ. ಐಫೋನಿನಲ್ಲಿ ಕಲರ್ ಫಿಲ್ಟರ್ಸ್. ನಮಗೆ ಒಂದೇ ಥರ ಕಾಣುವ ಎರಡು ಬಣ್ಣಗಳನ್ನು ಇವು ಬೇರೆ ಬೇರೆ ಕಡೆಗೆ ಸರಿಸಿ ತೋರಿಸುತ್ತವೆ. ಕ್ಯಾಮೆರಾ ತೆರೆದರೆ ಅದರಲ್ಲೂ ಹಾಗೆಯೇ ಕಾಣುತ್ತದೆ. ನಮ್ಮದು ಕಾಫಿ ತೋಟ, ಅರೇಬಿಕಾ ಹಣ್ಣು ಎಲ್ಲ ಒಟ್ಟಿಗೆ ಆಗುವುದಿಲ್ಲ, ಕಾಯಿ ಬಿಟ್ಟು ಹಣ್ಣು ಮಾತ್ರ ಕೊಯ್ಯಬೇಕು. ನನಗೆ ಎಲೆ, ಕಾಯಿ, ಹಣ್ಣು ಎಲ್ಲ ಹೆಚ್ಚು ಕಡಿಮೆ ಒಂದೇ. ಈಗ ಗಿಡದ ಮುಂದೆ ಫೋನ್ ಹಿಡಿದರೆ ಹಣ್ಣು ಸ್ವಲ್ಪ ಬೇರೆಯಾಗಿ ಎದ್ದು ಕಾಣುತ್ತದೆ, ಯಾವ ಕಡೆ ಕೊಯ್ಲು ಶುರು ಮಾಡಬಹುದು ಅಂತ ನಾನೇ ನೋಡಿ ಹೇಳುತ್ತೇನೆ. ಕೊಯ್ಯುವಾಗ ಫೋನ್ ಹಿಡಿದುಕೊಳ್ಳಲು ಆಗಲ್ಲ, ಆಗ ಬೆರಳೇ ಗತಿ. ಹಣ್ಣಾಗಿದ್ದರೆ ಮೆತ್ತಗಿರುತ್ತದೆ, ಹಿಂಡಿದರೆ ಬೀಜ ಜಾರಿ ಹೊರಗೆ ಬರುತ್ತದೆ.

ಬಣ್ಣಗುರುಡಿಗೆ ಅಂತ ಮಾರುವ ಕನ್ನಡಕದ ಬಗ್ಗೆ ಒಂದು ಮಾತು. ಹಾಕಿಕೊಂಡ ಕೂಡಲೇ ಜನ ಅಳುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಆ ಕನ್ನಡಕ ಕೆಂಪು-ಹಸಿರಿನ ನಡುವಿನ ಕೆಲವು ಬೆಳಕನ್ನು ತಡೆಯುತ್ತದೆ, ಅದರಿಂದ ಕೆಲವರಿಗೆ ಕೆಲವು ಬಣ್ಣ ಎದ್ದು ಕಾಣಬಹುದು. ಬಣ್ಣಗುರುಡು ವಾಸಿಯಾಗುವುದಿಲ್ಲ. ಬೆಲೆ ಜಾಸ್ತಿ, ಹಾಕಿ ನೋಡದೆ ಕೊಳ್ಳಬೇಡಿ. ಹುಟ್ಟಿನಿಂದ ಬಂದದ್ದಕ್ಕೆ ಮಾತ್ರೆ, ಎಣ್ಣೆ, ವ್ಯಾಯಾಮ ಅಂತ ದುಡ್ಡು ಕೇಳುವವರನ್ನಂತೂ ನಂಬಲೇಬೇಡಿ. ಅಮೆರಿಕದಲ್ಲಿ ಕೋತಿಗಳಿಗೆ ಜೀನ್ ಚಿಕಿತ್ಸೆ ಕೊಟ್ಟು ಕೆಂಪು-ಹಸಿರು ಕಾಣುವಂತೆ ಮಾಡಿದ್ದನ್ನು 2009ರಲ್ಲಿ ಪ್ರಕಟಿಸಿದರು. ಮನುಷ್ಯರಿಗೆ ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆಯಾಗಿ ಅದು ಇನ್ನೂ ಬಂದಿಲ್ಲ.

ಇನ್ನೊಂದು ವಿಷಯ, ಇದು ನಮ್ಮಂಥವರಿಗಲ್ಲ, ಎಲ್ಲರಿಗೂ. ಮೊದಲು ಚೆನ್ನಾಗಿದ್ದ ಬಣ್ಣ ಈಗ ಗೊತ್ತಾಗುತ್ತಿಲ್ಲ ಅನ್ನಿಸಿದರೆ ತಡ ಮಾಡಬೇಡಿ. ಟಿಬಿಗೆ ಕೊಡುವ ಎಥಾಂಬ್ಯುಟಾಲ್ ಮಾತ್ರೆ ಕೆಲವರಲ್ಲಿ ಕಣ್ಣಿನ ನರಕ್ಕೆ ತೊಂದರೆ ಮಾಡುತ್ತದೆ, ಅದರ ಮೊದಲ ಸೂಚನೆ ಕೆಂಪು-ಹಸಿರು ಮಂಕಾಗುವುದೇ ಆಗಿರಬಹುದು. ಮಾತ್ರೆ ಕೊಟ್ಟ ಡಾಕ್ಟರಿಗೆ ಆವತ್ತೇ ಹೇಳಬೇಕು.

ಹಾಗೆಯೇ ಬೆಂಗಳೂರಿನ ಓದುಗರಿಗೆ. ನಮ್ಮ ಮೆಟ್ರೋದ ನೇರಳೆ ಮಾರ್ಗಕ್ಕೆ ಕೆ.ಆರ್. ಪುರದಲ್ಲಿ ನೀಲಿ ಮಾರ್ಗ ಬಂದು ಸೇರಲಿದೆ. ನನ್ನಂಥವರಿಗೆ ನೇರಳೆ, ನೀಲಿ ಎರಡೂ ನೀಲಿಯೇ. ನಕ್ಷೆಯಲ್ಲಿ ಗೆರೆಯ ಪಕ್ಕ ಒಂದು ಅಂಕಿಯೋ ಅಕ್ಷರವೋ ಇದ್ದರೆ ಯಾರನ್ನೂ ಕೇಳದೆ ಹೋಗಬಹುದು. ಪೋರ್ಚುಗಲ್‌ನ ಪೋರ್ಟೊ ಮೆಟ್ರೋದಲ್ಲಿ ಬಣ್ಣಕ್ಕೊಂದು ಗುರುತು ಇಟ್ಟಿದ್ದಾರೆ, ಮಿಗುಯೆಲ್ ನೈವಾ ಅನ್ನುವ ವಿನ್ಯಾಸಕಾರ ಮಾಡಿದ ಕಲರ್‌ಆಡ್ ಗುರುತುಗಳು. ನಮ್ಮಲ್ಲೂ ಮಾಡಬಹುದು ಅಲ್ವಾ?

ಕೊನೆಯದಾಗಿ ಶಿಕ್ಷಕರಿಗೆ. ಇಲಾಖೆ ಆದೇಶ ಬರುವವರೆಗೆ ಕಾಯಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯನ್ನು ಶಾಲೆಗೆ ಕರೆಯಿರಿ, ಇಶಿಹಾರಾ ಪುಸ್ತಕ ತರಲು ಹೇಳಿ. ಮೊಬೈಲಿನಲ್ಲಿ ತೋರಿಸಬೇಡಿ, ಸ್ಕ್ರೀನಿನಿಂದ ಸ್ಕ್ರೀನಿಗೆ ಬಣ್ಣ ಬದಲಾಗುತ್ತದೆ. ಹಗಲು ಬೆಳಕಿನಲ್ಲಿ, ಒಬ್ಬೊಬ್ಬರನ್ನೇ ಕರೆದು ತೋರಿಸಿ. ಗೊತ್ತಾದ ಮೇಲೆ ಎಲ್ಲರ ಮುಂದೆ ಪೆನ್ಸಿಲ್ ಎತ್ತಿ ಹಿಡಿದು "ಇದ್ಯಾವ ಬಣ್ಣ ಹೇಳು" ಅಂತ ಆ ಮಗುವನ್ನು ಯಾರೂ ಕೇಳದ ಹಾಗೆ ನೋಡಿಕೊಳ್ಳಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಮೂಡಿಗೆರೆ ತಾಲ್ಲೂಕು