ಟವೆಲ್ ಯಾರ ಕೈಯಲ್ಲಿರುತ್ತೆ, ಪುಟ್ಟಿ?

ಚಾಮರಾಜಪೇಟೆ, ಬೆಂಗಳೂರು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ನಿಮ್ಮಮ್ಮ ಫೋನ್ ಮಾಡಿ ಅತ್ತಳು. ನೀನು ಆಫೀಸ್ ಕೆಲಸ ಬಿಟ್ಟು ಪೂರ್ತಿ ಎಂಎಂಎಗೆ, ಅದೇ ಆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾಳಗಕ್ಕೆ, ಇಳಿಯುತ್ತೀಯಂತೆ. ಮೊದಲ ಪ್ರೊಫೆಶನಲ್ ಫೈಟಿಗೆ ಕಾಂಟ್ರಾಕ್ಟ್ ಕೂಡ ಬಂದಿದೆಯಂತೆ. "ಅಕ್ಕಾ, ನೀನಾದರೂ ಬುದ್ಧಿ ಹೇಳು" ಅಂದಳು. ಹೇಳುತ್ತೇನೆ ಅಂದೆ. ಆದರೆ ನಿನ್ನನ್ನು ತಡೆಯುವುದಕ್ಕೆ ನಾನು ಈ ಕಾಗದ ಬರೆಯುತ್ತಿಲ್ಲ, ತಿಳಿದುಕೋ.

2024ರ ಜೂನ್‌ನಲ್ಲಿ ಒಂದು ಭಾನುವಾರ ಬೆಳಗಿನ ಜಾವ ನೀನು ನಮ್ಮ ಮನೆಯಲ್ಲಿದ್ದೆ. ನಿನ್ನ ಮೊಬೈಲಿನಲ್ಲಿ ಪೂಜಾ ತೋಮರ್ ಫೈಟ್ ನೋಡಿದೆವು, ಅಮೆರಿಕದ ಲೂಯಿವಿಲ್‌ನಲ್ಲಿ ನಡೆದದ್ದು. ಮೂವರು ಜಡ್ಜ್‌ಗಳಲ್ಲಿ ಒಬ್ಬರು ಮೂರೂ ರೌಂಡ್ ಪೂಜಾಗೆ ಕೊಟ್ಟಿದ್ದರು. ಇನ್ನೊಬ್ಬರು ಮೂರೂ ರೌಂಡ್ ಎದುರಾಳಿಗೆ ಕೊಟ್ಟಿದ್ದರು. ಮೂರನೆಯವರ ಲೆಕ್ಕದಲ್ಲಿ ಒಂದೇ ಪಾಯಿಂಟಿನಿಂದ ಅವಳು ಗೆದ್ದಳು. ಯುಎಫ್‌ಸಿ ಅನ್ನುವ ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆಯ ಪಂದ್ಯದಲ್ಲಿ ಗೆದ್ದ ಮೊದಲ ಭಾರತದ ಹೆಣ್ಣುಮಗಳು. ಆಗ ನಿನ್ನ ಮುಖ ನೋಡಿದೆ. ಅವತ್ತೇ ಗೊತ್ತಾಯಿತು ನನಗೆ, ಇವಳು ನಿಲ್ಲುವವಳಲ್ಲ ಅಂತ.

ನನಗೆ ಈ ಲೋಕ ಹೊಸದೇನಲ್ಲ. ನನ್ನ ಮದುವೆಯಾದಾಗ ನಿನ್ನ ದೊಡ್ಡಪ್ಪ ತಿಗಳರಪೇಟೆಯ ಒಂದು ಗರಡಿಯಲ್ಲಿ ಪೈಲ್ವಾನ್. ಬೆಳಗ್ಗೆ ನಾಲ್ಕಕ್ಕೆ ಎದ್ದು ಹೋಗುತ್ತಿದ್ದರು. ಹೆಂಗಸರು ಗರಡಿ ಹೊಸಿಲು ದಾಟುವ ಹಾಗಿರಲಿಲ್ಲ. ನಾನು ಬಾದಾಮಿ ಹಾಲಿನ ಚೊಂಬು ಹಿಡಿದು ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಒಳಗೆ ಆಂಜನೇಯನ ಪಟ, ಕೆಮ್ಮಣ್ಣಿನ ವಾಸನೆ, ಬಸ್ಕಿ ಹೊಡೆಯುವಾಗ ಎಣಿಸುವ ದನಿ. ಇವತ್ತು ನೀನು ಆ ಹೊಸಿಲು ದಾಟಿ ಒಳಗಿದ್ದೀಯ. ಅದು ನನಗೆ ಎಷ್ಟು ಸಂತೋಷ ಅಂತ ನಿಮ್ಮಮ್ಮನಿಗೆ ಹೇಳಿದರೆ ಬೈಯುತ್ತಾಳೆ. ನಿನಗೆ ಹೇಳುತ್ತೇನೆ.

ದೊಡ್ಡಪ್ಪನ ಮಂಡಿ ನೀನು ಚಿಕ್ಕವಳಿದ್ದಾಗಿನಿಂದ ಹಾಗೇ ನೋಡಿದ್ದೀಯ. ಅದು ಹೇಗಾಯಿತು ಅಂತ ಯಾರೂ ನಿನಗೆ ಸರಿಯಾಗಿ ಹೇಳಿಲ್ಲ. 1989ರಲ್ಲಿ, ಒಂದು ಜಾತ್ರೆಯ ಕುಸ್ತಿ. ಅದಕ್ಕೆ ಎಂಟು ದಿನ ಮುಂಚೆ ಅಭ್ಯಾಸದಲ್ಲೇ ಮಂಡಿ ಉಳುಕಿ ಊದಿಕೊಂಡಿತ್ತು. ಜೋಡಿ ಕಟ್ಟಿ ಆಗಿತ್ತು, ಪೋಸ್ಟರ್ ಅಂಟಿಸಿದ್ದರು, ಮುಂಗಡ ತೆಗೆದುಕೊಂಡಿದ್ದರು. ಉಸ್ತಾದರು ಆಗ ಊರಲ್ಲಿರಲಿಲ್ಲ. ಇದ್ದಿದ್ದರೆ ಹಣ ವಾಪಸ್ ಎಸೆದು ಬರುತ್ತಿದ್ದರು. ಮನೆಯಲ್ಲಿ ಇದ್ದವಳು ನಾನು. ಹಿಂದಿನ ರಾತ್ರಿ ಅರಿಶಿನ ಎಣ್ಣೆ ಹಚ್ಚುವಾಗ ಅವರು ಕೇಳಿದರು, "ಹೋಗಲಾ?" ಅಂತ. ಆ ತಿಂಗಳು ಚೀಟಿ ಕಟ್ಟಬೇಕಿತ್ತು. ನಾನು ಸುಮ್ಮನಿದ್ದೆ.

ಎದುರಾಳಿ ಮಂಡಿಗೇ ಕೈ ಹಾಕಿದ. ಇವರು ಚಿತ್ ಆಗಿಬಿಟ್ಟಿದ್ದರೆ ಮುಗಿಯುತ್ತಿತ್ತು. ಜನ ಕೂಗುತ್ತಿದ್ದರು, ಇವರು ಬಿಟ್ಟುಕೊಡಲಿಲ್ಲ. ಅವತ್ತಿನಿಂದ ಅವರು ಮಣ್ಣಿಗೆ ಇಳಿದಿಲ್ಲ. ಇದುವರೆಗೂ ನನ್ನ ಮೇಲೆ ಒಂದು ಮಾತು ಆಡಿಲ್ಲ. ಅದೇ ನನಗೆ ಜಾಸ್ತಿ ನೋವು.

ಅದಕ್ಕೇ ಕೇಳುತ್ತಿದ್ದೇನೆ. ನಿನಗೆ "ಬೇಡ" ಅನ್ನುವವರು ಯಾರು?

ವಿಜಯದಶಮಿ ದಿನ ಮೈಸೂರು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದಲ್ಲ, ಅದಕ್ಕೆ ನಮ್ಮ ಬೆಂಗಳೂರಿನ ಜಟ್ಟಿಗಳೂ ಹೋಗುತ್ತಾರೆ. ತಲೆ ಬೋಳಿಸಿಕೊಂಡು, ಮುಷ್ಟಿಗೆ ಆಯುಧ ಕಟ್ಟಿಕೊಂಡು ಇಳಿಯುತ್ತಾರೆ. ನೋಡಿದರೆ ಭಯ ಆಗುತ್ತದೆ. ಆದರೆ ಒಬ್ಬರ ತಲೆಯಲ್ಲಿ ರಕ್ತ ಕಂಡ ಕೂಡಲೇ ಮುಗಿಯಿತು, ನಿಲ್ಲಿಸಿಬಿಡುತ್ತಾರೆ. ಅಷ್ಟು ಹಳೆಯ ಕಾಳಗದಲ್ಲೂ ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಗೊತ್ತಿರುತ್ತದೆ. ನಿನ್ನ ಕೇಜಿನಲ್ಲಿ, ಆ ಬಲೆ ಕಟ್ಟಿದ ಕಣದಲ್ಲಿ, ಐದೈದು ನಿಮಿಷದ ಮೂರು ರೌಂಡ್. ಒಳಗೆ ರೆಫರಿ ಇರುತ್ತಾರೆ, ನಿಜ. ಆದರೆ ಅವರು ನಿನ್ನನ್ನು ಅವತ್ತೇ ಮೊದಲು ನೋಡುತ್ತಿರುತ್ತಾರೆ. ನಿನ್ನ ಕಣ್ಣು ಮಂಜಾದರೆ, ಎಡಗಾಲು ಎಳೆದರೆ, ಅದು ಗೊತ್ತಾಗಬೇಕಾದದ್ದು ಕಾರ್ನರಿನಲ್ಲಿ ಕೂತ ನಿನ್ನ ಕಡೆಯವರಿಗೆ. ಅವರು ಫೈಟ್ ಸಾಕು, ನಿಲ್ಲಿಸಿ ಅಂತ ಟವೆಲ್ ಎಸೆಯುವವರಾ, ಇಲ್ಲಾ "ಇನ್ನೊಂದು ನಿಮಿಷ, ಇನ್ನೊಂದು ನಿಮಿಷ" ಅಂತ ಕೂಗುವವರಾ? ಎದುರಾಳಿ ಯಾರು ಅಂತ ಹುಡುಕುವ ಮೊದಲು ಇದನ್ನು ನೋಡು.

ಟ್ಯಾಪ್ ಮಾಡುವುದಕ್ಕೆ, ಅಂದರೆ ಕೈ ತಟ್ಟಿ ಸೋಲೊಪ್ಪುವುದಕ್ಕೆ, ನಾಚಬೇಡ. ಪೂಜಾ 2025ರಲ್ಲಿ ಲಂಡನ್‌ನಲ್ಲಿ ತೋಳು ಸಿಕ್ಕಿಹಾಕಿಕೊಂಡಾಗ ಟ್ಯಾಪ್ ಮಾಡಿದಳು. ಫೈಟ್ ಹೋಯಿತು, ತೋಳು ಉಳಿಯಿತು. ನಿನ್ನ ದೊಡ್ಡಪ್ಪನಿಗೆ ಆ ವಿಡಿಯೋ ತೋರಿಸಿದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಜಾಣೆ" ಅಂದರು.

ಇನ್ನು ತೂಕ. ನೀನು 57 ಕೆಜಿ ಇದ್ದೀಯ. 52ಕ್ಕೆ ಇಳಿದರೆ ಬೇಗ ಫೈಟ್ ಸಿಗುತ್ತದೆ ಅನ್ನುತ್ತಿದ್ದಾರಂತೆ. 56.7 ಕೆಜಿಯ ಫ್ಲೈವೇಟ್ ವಿಭಾಗ ಇದೆಯಲ್ಲ ಪುಟ್ಟಿ, ನಿನ್ನ ಮೈಗೆ ಸರಿಯಾಗಿ? ಅದರಲ್ಲಿ ಫೈಟ್ ಸಿಗುವುದು ತಡವಾದರೆ ತಡವಾಗಲಿ. ಉಪ್ಪು ಬಿಡುವುದು, ನೀರು ಬಿಡುವುದು, ಬಿಸಿನೀರಿನಲ್ಲಿ ಕೂತು ಬೆವರು ಬಸಿಯುವುದು, ತೂಕ ನೋಡಿದ ಮೇಲೆ ಒಂದೇ ರಾತ್ರಿಯಲ್ಲಿ ಎಲ್ಲ ಕುಡಿದು ತುಂಬಿಸಿಕೊಳ್ಳುವುದು, ಇದನ್ನೆಲ್ಲ ಈಚೆಗೆ ಓದಿ ತಿಳಿದುಕೊಂಡೆ. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಯಾಂಗ್ ಜಿಯಾನ್‌ಬಿಂಗ್ ಅನ್ನುವ ಚೀನಾದ ಎಂಎಂಎ ಹುಡುಗ ಹೀಗೆ ತೂಕ ಇಳಿಸುತ್ತಲೇ ಕುಸಿದು ತೀರಿಕೊಂಡ. ಬರೀ 21 ವರ್ಷ. ಆಮೇಲೆ ಆ ಫೈಟ್ ನಡೆಸುತ್ತಿದ್ದ ಒನ್ ಚಾಂಪಿಯನ್‌ಶಿಪ್ ಸಂಸ್ಥೆಯವರು ಮೈಯ ನೀರು ಬಸಿದು ತೂಕ ಇಳಿಸುವುದನ್ನೇ ನಿಷೇಧಿಸಿದರು. ಪ್ಯಾರಿಸ್ ಒಲಿಂಪಿಕ್ಸ್ ಕುಸ್ತಿಯಲ್ಲಿ ವಿನೇಶ್ ಫೋಗಟ್‌ಗೆ ಆದದ್ದು ನಿನಗೇ ಗೊತ್ತು. 50 ಕೆಜಿಗೆ ಬರೀ 100 ಗ್ರಾಂ ಜಾಸ್ತಿ. ರಾತ್ರಿಯಿಡೀ ಒದ್ದಾಡಿ, ಕೂದಲು ಕೂಡ ಕತ್ತರಿಸಿಕೊಂಡರೂ ಫೈನಲ್ ಹೋಯಿತು. ಅವತ್ತು ನಾವಿಬ್ಬರೂ ಅತ್ತಿದ್ದೆವು.

ಹೆಣ್ಣುಮಗಳಾಗಿ ಇನ್ನೊಂದು ಹೇಳುತ್ತೇನೆ. ನಿನ್ನ ಕೋಚ್ ಗಂಡಸು, ಕೇಳುವುದಕ್ಕೆ ಸಂಕೋಚ ಪಡಬಹುದು. ತಿನ್ನುವುದು ಕಡಿಮೆ, ದುಡಿಯುವುದು ಜಾಸ್ತಿ ಆದರೆ ಮುಟ್ಟು ನಿಲ್ಲುತ್ತದೆ. ಕೆಲವು ಹುಡುಗಿಯರು ಪೀಡೆ ಹೋಯಿತು ಅಂತ ಖುಷಿ ಪಡುತ್ತಾರೆ. ಖುಷಿ ಪಡುವ ವಿಷಯ ಅಲ್ಲ ಅದು. ಒಳಗೆ ಮೂಳೆ ಸವೆಯುತ್ತಿರುತ್ತದೆ. ಎರಡು ತಿಂಗಳು ತಪ್ಪಿದರೆ ನನಗೆ ಹೇಳು, ಡಾಕ್ಟರ್ ಹತ್ತಿರ ಇಬ್ಬರೂ ಹೋಗೋಣ.

ತಲೆಯ ವಿಷಯದಲ್ಲಿ ನಾನು ಒಂದಿಂಚೂ ಬಿಟ್ಟುಕೊಡುವುದಿಲ್ಲ. ನಿಮ್ಮ ಗ್ಲವ್ಸ್ ನಾಲ್ಕು ಔನ್ಸ್, ನೂರು ಗ್ರಾಂ ಚಿಲ್ಲರೆ. ಫೈಟ್ ವರ್ಷಕ್ಕೆ ಎರಡೋ ಮೂರೋ ಇರಬಹುದು, ಸ್ಪಾರಿಂಗ್, ಅಂದರೆ ಅಭ್ಯಾಸದ ಕಾಳಗ, ಮಾತ್ರ ವಾರವಾರವೂ ಇರುತ್ತದೆ. ಲೆಕ್ಕಕ್ಕೆ ಸಿಗದ ಏಟು ಅಲ್ಲೇ ಬೀಳುವುದು. ತಲೆ ಗಿರ್ ಅಂದ ದಿನ ಮತ್ತೆ ಮ್ಯಾಟ್ ಹತ್ತಬೇಡ. ವಾಂತಿ ಬಂದರೆ, ತಲೆನೋವು ಏರುತ್ತಾ ಹೋದರೆ, ಪಿಜಿಗೆ ಹೋಗಿ ಒಬ್ಬಳೇ ಮಲಗಬೇಡ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ಆಟೋ ಹತ್ತು, ಆಮೇಲೆ ನನಗೆ ಫೋನ್ ಮಾಡು. 2022ರ ಜುಲೈನಲ್ಲಿ ನಮ್ಮ ಬೆಂಗಳೂರಲ್ಲೇ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಏಟು ತಿಂದ ಒಬ್ಬ ಹುಡುಗ ಆಸ್ಪತ್ರೆಯಲ್ಲಿ ತೀರಿಕೊಂಡ. ಅಲ್ಲಿ ಆಂಬುಲೆನ್ಸ್ ಇರಲಿಲ್ಲ ಅಂತ ಮನೆಯವರು ಗೋಳಾಡಿದ್ದರು. ನಿನ್ನ ಫೈಟ್ ನಡೆಯುವ ಜಾಗದಲ್ಲಿ ಡಾಕ್ಟರ್, ಆಂಬುಲೆನ್ಸ್ ಇರುತ್ತಾರಾ ಅಂತ ಸಹಿ ಹಾಕುವ ಮುಂಚೆ ಕೇಳು. ಬಾಯಿಮಾತಿಗೆ ಒಪ್ಪಬೇಡ, ಬರೆದು ಕೊಡಲಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಕಾಂಟ್ರಾಕ್ಟಿನಲ್ಲಿ ಎರಡು ಮೊತ್ತ ಇರುತ್ತದೆ. ಕೇಜ್ ಹತ್ತಿದ್ದಕ್ಕೆ ಒಂದು, ಗೆದ್ದರೆ ಇನ್ನೊಂದು. ನೀನು ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿ. ಅದರಲ್ಲಿ ಕೋಚ್ ಪಾಲು, ಮ್ಯಾನೇಜರ್ ಪಾಲು, ರಕ್ತ ಪರೀಕ್ಷೆ, ಸ್ಕ್ಯಾನ್, ಫಿಸಿಯೋ, ಮೊಟ್ಟೆ ಕೋಳಿ ಎಲ್ಲ ಕಳೆದು ನೋಡು. ಆಮೇಲೆ ಎಷ್ಟು ವರ್ಷ, ಎಷ್ಟು ಫೈಟ್ ಅವರಿಗೇ ಕಟ್ಟಿಬಿದ್ದಿರಬೇಕು ಅಂತ ಓದು. ಅಮೆರಿಕದಲ್ಲಿ ದೊಡ್ಡ ಹೆಸರಿನ ಫೈಟರ್‌ಗಳೇ ಸರಿಯಾದ ದುಡ್ಡು ಸಿಗಲಿಲ್ಲ ಅಂತ 2014ರಲ್ಲಿ ಯುಎಫ್‌ಸಿ ಮೇಲೆ ಕೇಸ್ ಹಾಕಿದರು. ಅದು 37.5 ಕೋಟಿ ಡಾಲರಿಗೆ ರಾಜಿಯಾಗುವ ಹೊತ್ತಿಗೆ ಹತ್ತು ವರ್ಷ ಆಗಿತ್ತು. ಆಫೀಸಿನಲ್ಲಿ ಅರ್ಧ ದಿನದ ಕೆಲಸ ಕೊಡುತ್ತಾರಾ ಅಂತ ಒಂದು ಸಲ ಕೇಳಿ ನೋಡು. ಬಾಡಿಗೆ ಕಟ್ಟುವ ಆತುರದಲ್ಲಿ ಫೈಟ್ ಒಪ್ಪಿಕೊಳ್ಳುವ ಹಾಗೆ ಆಗಬಾರದು. ಆ ಚೀಟಿ ದುಡ್ಡು ನನಗೆ ಇವತ್ತಿಗೂ ಮರೆತಿಲ್ಲ.

ನಿನ್ನ ರೂಮಿನ ಗೋಡೆ ಮೇಲೆ ರಷ್ಯಾದ ಎಂಎಂಎ ಫೈಟರ್ ಖಬೀಬ್ ಚಿತ್ರ ಇದೆ. 29 ಫೈಟ್, 29 ಗೆಲುವು. ತಂದೆ ತೀರಿಕೊಂಡ ವರ್ಷ, 2020ರ ಅಕ್ಟೋಬರ್‌ನಲ್ಲಿ, ಅಪ್ಪನಿಲ್ಲದೆ ಇನ್ನು ಫೈಟ್ ಮಾಡಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ ಅಂದು ಗೆದ್ದ ಕೇಜಿನಲ್ಲೇ ಗ್ಲವ್ಸ್ ಬಿಚ್ಚಿಟ್ಟ. ನಿಮ್ಮಮ್ಮ ಈಗ ಅಳುತ್ತಾಳೆ, ಆದರೆ ನಿನ್ನ ಫೈಟಿಗೆ ಬಂದು ಮುಂದಿನ ಸಾಲಿನಲ್ಲಿ ಕೂರುವವಳೂ ಅವಳೇ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ.

ಬರುವ ಭಾನುವಾರ ಕಾಂಟ್ರಾಕ್ಟ್ ತೆಗೆದುಕೊಂಡು ಮನೆಗೆ ಬಾ. ಅಲ್ಲಿವರೆಗೂ ಸಹಿ ಹಾಕಬೇಡ. ನಿನ್ನ ಕೋಚನ್ನೂ ಊಟಕ್ಕೆ ಕರೆದುಕೊಂಡು ಬಾ. ಮುದ್ದೆ, ಮಟನ್ ಸಾರು ಮಾಡುತ್ತೇನೆ. ಊಟ ಆದ ಮೇಲೆ ದೊಡ್ಡಪ್ಪ ನಿನ್ನ ಕೋಚ್ ಪಕ್ಕ ಕೂತು ತಮ್ಮ ಮಂಡಿ ತೋರಿಸುತ್ತಾರೆ, ನಾನು ಟವೆಲ್ ವಿಷಯ ಕೇಳುತ್ತೇನೆ. ಕೋಚ್ ಬೇಜಾರಿಲ್ಲದೆ ಉತ್ತರ ಕೊಟ್ಟರೆ ನಿಮ್ಮಮ್ಮನ ಹತ್ತಿರ ನಾನೇ ಮಾತಾಡುತ್ತೇನೆ.

ಅವರು ಮಟನ್ ತಿನ್ನುತ್ತಾರಾ ಅಂತ ಶನಿವಾರದೊಳಗೆ ಹೇಳು.

ಇಂತಿ ನಿನ್ನ
ದೊಡ್ಡಮ್ಮ