ಬೆಳಿಗ್ಗೆ ಮಕ್ಕಳು ಏನು ತಿಂದು ಬರುತ್ತಿದ್ದಾರೆ?

ಪ್ರೀತಿಯ ಪೋಷಕರೇ,

ನಮಸ್ಕಾರ. ಹತ್ತನೇ ತರಗತಿಗೆ ಬೆಳಿಗ್ಗೆ ಎಂಟಕ್ಕೇ ವಿಶೇಷ ತರಗತಿ ಶುರುವಾಗಿ ಒಂದು ತಿಂಗಳಾಯಿತು. ಕಳೆದ ವಾರ ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಿದೆ: ಏನು ತಿಂದು ಬಂದಿರಿ? ಜಾಸ್ತಿ ಮಂದಿ ಹೇಳಿದ್ದು ಟೀ, ಬಿಸ್ಕತ್ತು. ಕೆಲವರದು ಬರೀ ಟೀ. ಇಬ್ಬರು ಹೆಣ್ಣುಮಕ್ಕಳು ತಲೆ ತಗ್ಗಿಸಿ ಸುಮ್ಮನೆ ನಿಂತರು.

ಮಂಕಾಗಿ ಕೂರುತ್ತಾರೆ, ಮಾತು ಮಾತಿಗೂ ಕಣ್ಣೀರು, ಸಿಡುಕು ಎಂದು ನಾವು ದೂರುವುದು ಇದೇ ಮಕ್ಕಳನ್ನು. ಸೋಮಾರಿ ಎಂದು ಬೈದದ್ದೂ ಇದೆ. ಇನ್ನು ಮೇಲೆ ಬೈಯುವ ಮೊದಲು ಊಟದ ಬಗ್ಗೆ ಕೇಳೋಣ.

ಹೊಟ್ಟೆಗೂ ಮನಸ್ಸಿಗೂ ನಂಟಿದೆ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಈಗ ವಿಜ್ಞಾನಿಗಳೂ ಅದನ್ನು ಪರೀಕ್ಷಿಸಿ ನೋಡುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ ಫೆಲಿಸ್ ಜಾಕಾ ಮತ್ತು ಜೊತೆಗಾರರು ಖಿನ್ನತೆಯಿದ್ದ 67 ವಯಸ್ಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸೊಪ್ಪು, ತರಕಾರಿ, ಹಣ್ಣು, ಬೇಳೆಕಾಳು, ಇಡೀ ಧಾನ್ಯ, ಮೀನು ಜಾಸ್ತಿ ತಿನ್ನುವಂತೆ, ಸಿಹಿ ಮತ್ತು ಕರಿದ ತಿಂಡಿ ಕಡಿಮೆ ಮಾಡುವಂತೆ ಹೇಳಿಕೊಟ್ಟರು. ಇನ್ನೊಂದು ಗುಂಪಿನವರ ಜೊತೆ ಕೂತು ಸ್ನೇಹದಿಂದ ಮಾತಾಡಿದರು, ಅಷ್ಟೇ. 12 ವಾರದ ನಂತರ ಊಟ ಬದಲಿಸಿದವರಲ್ಲಿ 100ಕ್ಕೆ 32ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಇನ್ನೊಂದು ಗುಂಪಿನಲ್ಲಿ 100ಕ್ಕೆ 8. ಇದು 2017ರಲ್ಲಿ ಪ್ರಕಟವಾಯಿತು. ಅಧ್ಯಯನ ಚಿಕ್ಕದು, ದೊಡ್ಡವರ ಮೇಲೆ ನಡೆದದ್ದು. ಬಹಳ ಮಂದಿ ಚಿಕಿತ್ಸೆಯನ್ನೂ ಪಡೆಯುತ್ತಿದ್ದರು. ಆದರೂ ನನಗೆ ಇದು ದೊಡ್ಡ ಮಾತು ಅನಿಸುತ್ತದೆ.

ಅವರು ಹೇಳಿದ ಊಟ ನಮ್ಮ ಬಸ್ಸಾರು, ಮುದ್ದೆಗೆ ಎಷ್ಟು ಹತ್ತಿರ ಇದೆ ನೋಡಿ! ಸೊಪ್ಪು ಮತ್ತು ಕಾಳಿನಲ್ಲಿ ಫೋಲೇಟ್ ಎಂಬ ವಿಟಮಿನ್ ಇದೆ, ಕಬ್ಬಿಣ ಇದೆ. ಮನಸ್ಸನ್ನು ಹದವಾಗಿಡುವ ರಾಸಾಯನಿಕಗಳನ್ನು ತಯಾರಿಸಲು ಮೆದುಳಿಗೆ ಇವೆರಡೂ ಬೇಕು. ಬಿ12 ವಿಟಮಿನ್ ಕೂಡ ಬೇಕು, ಅದು ಮಾತ್ರ ಸೊಪ್ಪುಕಾಳಿನಲ್ಲಿ ಸಿಗುವುದಿಲ್ಲ. ಅದಕ್ಕೆ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಬೇಕು.

ಹೆಣ್ಣುಮಕ್ಕಳ ಬಗ್ಗೆ ಒತ್ತಿ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ 100 ಹುಡುಗಿಯರಲ್ಲಿ 59 ಮಂದಿಗೆ ರಕ್ತ ಕಡಿಮೆ. ರಕ್ತ ಕಡಿಮೆಯಾದರೆ ಸುಸ್ತು, ಬೇಸರ, ಓದಿದ್ದು ತಲೆಗೆ ಹತ್ತದಿರುವುದು ಎಲ್ಲಾ ಬರುತ್ತದೆ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ದಯವಿಟ್ಟು ಬೇಡ ಎನ್ನಬೇಡಿ. ಊಟದ ಜೊತೆಗೇ ಟೀ ಕೊಟ್ಟರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸಾರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಇನ್ನೊಂದು, ಮನೆಯಲ್ಲಿ ಎಲ್ಲರದೂ ಆದ ಮೇಲೆ ಕೊನೆಗೆ ಮಗಳಿಗೆ ಬಡಿಸುವ ರೂಢಿ ಇದ್ದರೆ ಬಿಟ್ಟುಬಿಡಿ.

ಹಾಗಂತ ಖಿನ್ನತೆಗೆ ಊಟವೊಂದೇ ಮದ್ದಲ್ಲ. ಚೆನ್ನಾಗಿ ತಿನ್ನುವ ಮಕ್ಕಳಿಗೂ ಅದು ಬರುತ್ತದೆ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಎರಡು ವಾರ ದಾಟಿದರೂ ಮಗು ಮಂಕಾಗಿಯೇ ಇದ್ದರೆ, ನಿದ್ದೆ ಅಥವಾ ಹಸಿವು ಕೆಟ್ಟಿದ್ದರೆ, ಗೆಳೆಯರನ್ನು ಬಿಟ್ಟು ಒಂಟಿಯಾಗಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಸೋಮವಾರದಿಂದ ಒಂಬತ್ತು ಗಂಟೆಗೆ ಹದಿನೈದು ನಿಮಿಷ ತಿಂಡಿಗೆ ಬಿಡುತ್ತೇವೆ. ಒಂದು ಚಿಕ್ಕ ಡಬ್ಬಿ ಕಳಿಸಿ. ರಾಗಿ ರೊಟ್ಟಿ, ಬೇಯಿಸಿದ ಕಾಳು, ಹುರಿದ ಕಡ್ಲೆಕಾಯಿ ಬೀಜ, ಒಂದು ಮೊಟ್ಟೆ, ಬಾಳೆಹಣ್ಣು, ಏನಿದ್ದರೆ ಅದು. ಹೊತ್ತಿಗೆ ಮುಂಚೆ ಕೂಲಿಗೆ ಹೊರಡುವ ತಾಯಂದಿರಿಗೆ ಇದು ಕಷ್ಟ ಎಂದು ನನಗೆ ಗೊತ್ತು. ಅಂಥವರು ನನಗೆ ಒಂದು ಮಾತು ತಿಳಿಸಿ, ಸಾಕು. ಬೇರೆ ಮಕ್ಕಳಿಗೆ ಗೊತ್ತಾಗದ ಹಾಗೆ ಶಾಲೆಯಲ್ಲೇ ಏರ್ಪಾಡು ಮಾಡುತ್ತೇವೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ
ಸರ್ಕಾರಿ ಪ್ರೌಢಶಾಲೆ