ಮಗಳಿಗೊಂದು ಪತ್ರ: ಟ್ರಂಕಿನಲ್ಲಿ ಸಿಕ್ಕ ಬಳೆ

ಪುಟ್ಟೀ,

ಅಜ್ಜನ ಟ್ರಂಕಿನ ಕಾಗದಗಳನ್ನೆಲ್ಲ ಲ್ಯಾಮಿನೇಟ್ ಮಾಡಿಸಿ ಕೊರಿಯರ್ ಮಾಡು ಅಂದಿದ್ದೆ ಅಲ್ವಾ? ಮಾಡಿಸೋದಿಲ್ಲ, ಸಿಟ್ಟಾಗಬೇಡ. ನಿನ್ನ ಅಪ್ಪ ಹಿಂದೊಮ್ಮೆ ಹೊಲದ ಖರೀದಿ ಪತ್ರವೊಂದನ್ನು ಹಾಗೆ ಮಾಡಿಸಿದ್ದರು. ಬಿಸಿಗೆ ಕಾಗದ ಕಂದಿತು. ಈಗ ಪ್ಲಾಸ್ಟಿಕ್ ಕೀಳಲು ಹೋದರೆ ಅಕ್ಷರವೂ ಅದರ ಜೊತೆಗೇ ಬರುತ್ತದೆ.

ಮಳೆ ನಿಂತ ಮೇಲೆ ಟ್ರಂಕು ತೆಗೆದೆ. ಜಾಸ್ತಿ ಇದ್ದದ್ದು ಕಂದಾಯದ ರಸೀದಿ, ಬಡ್ಡಿ ಲೆಕ್ಕ. ತಳದಲ್ಲಿ ಒಂದು ಛಾಪಾ ಕಾಗದ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತಲ್ಲ, ಹಾಗಾಗಿ ಮರಾಠಿ. ಮೋಡಿ ಬಲ್ಲ ಒಬ್ಬ ನಿವೃತ್ತ ಮಾಸ್ತರರು ಓದಿ ಹೇಳಿದರು. ಹೊಲ ಅಡವಿಟ್ಟ ಪತ್ರವಂತೆ.

ಶಕೆಯ ಅಂಕಿಯನ್ನು ಹುಳು ತಿಂದಿದೆ. ಉಳಿದಿರುವುದು 'ಪಾರ್ಥಿವ ಸಂವತ್ಸರ' ಅಷ್ಟೇ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹಾಗಾದರೆ ಇದು 1885ರದೋ 1945ರದೋ? ಮಾಸ್ತರರು ಕಾಗದದ ತಲೆಯ ಮೇಲಿನ ಛಾಪು ತೋರಿಸಿ ನಕ್ಕರು. ಅಲ್ಲಿರುವುದು ವಿಕ್ಟೋರಿಯಾ ರಾಣಿಯ ಮುಖ. ಆಕೆ ತೀರಿದ್ದು 1901ರಲ್ಲಿ. ಲೆಕ್ಕ ಮುಗಿಯಿತು.

ಬರೆಸಿಕೊಟ್ಟವಳು ನಿನ್ನ ಅಜ್ಜನ ಅಜ್ಜಿ. ಗಂಡ ತೀರಿಹೋಗಿ, ಸಣ್ಣ ಮಗನನ್ನು ಇಟ್ಟುಕೊಂಡು ಸಾಲ ಮಾಡಿದ್ದಾಳೆ. ಸಹಿ ಬರುತ್ತಿರಲಿಲ್ಲ. ಆಗ ಓದು ಬಾರದ ರೈತ ಸಹಿಯ ಬದಲು ನೇಗಿಲಿನ ಗುರುತು ಹಾಕುತ್ತಿದ್ದ, ಹೆಂಗಸು ಬಳೆಯ ಗುರುತು. ಇಲ್ಲೂ ಒಂದು ಪುಟ್ಟ ಸುತ್ತು ಇದೆ, ಬಳೆ. ಕೈಯ ಬಳೆ ಒಡೆಸಿಕೊಂಡವಳಿಗೆ ಕಾಗದದಲ್ಲಿ ಬಳೆಯೇ ಗುರುತು! ಅದನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ, ಹಾಲು ಉಕ್ಕಿ ಒಲೆ ಆರಿಹೋಗಿತ್ತು.

ಅಜ್ಜ ನೋಟ್‌ಬುಕ್ಕಿನಲ್ಲಿ ಏಳು ತಲೆಮಾರಿನ ವಂಶವೃಕ್ಷ ಬರೆದಿಟ್ಟಿದ್ದಾರಲ್ಲ, ಅದರಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ನಮ್ಮನ್ನು ಹುಡುಕುವುದೂ ಕಷ್ಟವೇ. ಮದುವೆಯ ದಿನ ನನಗೂ ಅಕ್ಕಿಯ ಮೇಲೆ ಬೇರೆ ಹೆಸರು ಬರೆದು ಕೊಟ್ಟರು. ಶಾಲೆಯ ದಾಖಲೆಯಲ್ಲಿ ಒಬ್ಬಳು, ರೇಷನ್ ಕಾರ್ಡಿನಲ್ಲಿ ಇನ್ನೊಬ್ಬಳು. ನೂರು ವರ್ಷ ಬಿಟ್ಟು ಯಾರಾದರೂ ನೋಡಿದರೆ ನಿನ್ನ ಅಪ್ಪನಿಗೆ ಇಬ್ಬರು ಹೆಂಡಿರು ಅಂದುಕೊಂಡಾರು!

ಅದಕ್ಕೇ ನಿನಗೊಂದು ಕೆಲಸ. ಸೋದರತ್ತೆಗೆ, ದೊಡ್ಡಮ್ಮಂದಿರಿಗೆ ಫೋನ್ ಮಾಡು. ತವರಿನ ಹೆಸರು, ಗಂಡನ ಮನೆಯ ಹೆಸರು, ತವರೂರು ಮೂರನ್ನೂ ಕೇಳಿ ಬರೆದುಕೋ. ಕಾಗದ ಎಲ್ಲೂ ಹೋಗೋದಿಲ್ಲ, ದೊಡ್ಡಮ್ಮನಿಗೆ ಎಂಬತ್ತೆರಡು.

ಕಾಗದಗಳನ್ನು ಮಡಿಕೆ ಬಿಡಿಸಿ, ಗಂಜಿ ಹಾಕದ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ. ಹುಳು ಬಾರದಿರಲೆಂದು ಜೊತೆಗೆ ಬಜೆ ಬೇರಿನ ತುಂಡು. ಗುಂಡುಪಿನ್ನು ತುಕ್ಕು ಹಿಡಿದಿದ್ದವು, ತೆಗೆದೆ. ಹರಿದಲ್ಲಿ ಟೇಪ್ ಹಚ್ಚಿಲ್ಲ, ಅದರ ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆದು ನಿನಗೆ ಕಳಿಸುತ್ತೇನೆ.

ಆ ಬಳೆಯ ಪತ್ರದ್ದು ಮಾತ್ರ ಕಳಿಸೋದಿಲ್ಲ. ಆಕೆಯ ಹೆಸರನ್ನೂ ಇಲ್ಲಿ ಬರೆಯೋದಿಲ್ಲ. ದೀಪಾವಳಿಗೆ ಬಂದು ನೀನೇ ನೋಡು. ಬರುವಾಗ ಎರಡು ಮೆತ್ತನೆ ಪೆನ್ಸಿಲ್ ತಾ. ಅಜ್ಜನ ವಂಶವೃಕ್ಷದಲ್ಲಿ ಬರೆಯೋದಿದೆ.

ಇಂತಿ ನಿನ್ನ ಅಮ್ಮ,
ಎರಡು ಹೆಸರಿನವಳು